ಟಿಕೆಟ್ಟಿಗಿಂತ ದಾರಿ ದುಬಾರಿ

ಕೊಡಗಿನಲ್ಲಿ ರೈಲು ಹಳಿ ಇಲ್ಲ. ವೀಲ್‌ಚೇರಿನಲ್ಲಿ ಕೂತು ದೆಹಲಿಯ ಸಮಾವೇಶವೊಂದಕ್ಕೆ ಹೊರಟ ಕಾರ್ಯಕರ್ತರಿಗೆಂದು ಜನರಿಂದ ಹಣ ಕೂಡಿಸುವವರ ಖರ್ಚಿನ ಪಟ್ಟಿ ಶುರುವಾಗುವುದು ಇಲ್ಲಿಂದ. ಮಡಿಕೇರಿಯಿಂದ ಮೈಸೂರು ರೈಲು ನಿಲ್ದಾಣಕ್ಕೆ ಸುಮಾರು 120 ಕಿ.ಮೀ. ಬೆಂಗಳೂರಿನ ವಿಮಾನ ನಿಲ್ದಾಣ ಊರಾಚೆ ಇರುವುದರಿಂದ ಅಲ್ಲಿಗೆ ಹತ್ತಿರ ಹತ್ತಿರ 300. ವಿರಾಜಪೇಟೆ, ಮಾಕುಟ್ಟದ ಮೂಲಕ ಕಣ್ಣೂರು ವಿಮಾನ ನಿಲ್ದಾಣ ಇವೆಲ್ಲಕ್ಕಿಂತ ಹತ್ತಿರ. 2018ರ ಡಿಸೆಂಬರಿನಲ್ಲಿ ಅದು ತೆರೆದ ಮೇಲೆ ದಕ್ಷಿಣ ಕೊಡಗಿನವರಿಗೆ ಎಷ್ಟೋ ಅನುಕೂಲವಾಯಿತು. ಆದರೆ ಮಳೆಗಾಲದಲ್ಲಿ ಆ ಘಟ್ಟದ ರಸ್ತೆಯನ್ನು ನಂಬಿ ಟಿಕೆಟ್ ತೆಗೆಯುವುದು ಜೂಜು. ಗಡಿ ದಾಟುವ ಬಾಡಿಗೆ ಕಾರಿಗೆ ಪರ್ಮಿಟ್ಟಿನ ಖರ್ಚು ಬೇರೆ.

ಹಣ ಕೊಡಲು ಮನಸ್ಸು ಮಾಡಿದವರು ಮೊದಲು ಮೊಬೈಲಿನಲ್ಲಿ ವಿಮಾನದ ದರ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಹೋಗಿ ಬರೋದಕ್ಕೆ ಹದಿಮೂರು ಸಾವಿರ ಅಂತ ತೋರಿಸ್ತದಲ್ಲ, ನೀವು ಲಕ್ಷ ಯಾಕೆ ಕೇಳ್ತೀರಿ?" ಕೇಳುವವರು ಕೆಟ್ಟವರಲ್ಲ, ಅವರಿಗೆ ಲೆಕ್ಕ ಗೊತ್ತಿಲ್ಲ ಅಷ್ಟೆ. ಹಣದ ಮನವಿ ಉತ್ತರಿಸಬೇಕಾದದ್ದು ಮುಖ್ಯವಾಗಿ ಈ ಒಂದೇ ಪ್ರಶ್ನೆಗೆ. ಕರುಣೆಯ ಕಥೆ ಬರೆದರೆ ಮೊದಲ ವಾರ ಒಂದಿಷ್ಟು ಹಣ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ಲೆಕ್ಕ ಬರೆದ ಮನವಿಗೆ ನಿಧಾನವಾಗಿಯಾದರೂ ಪೂರ್ತಿ ಹಣ ಬರುತ್ತದೆ ಎಂಬುದು ಈ ಕೆಲಸ ಮಾಡಿ ಕಂಡುಕೊಂಡದ್ದು.

ವಿಕಲಚೇತನರೂ ಕ್ವಿಯರ್ (ಲೈಂಗಿಕ, ಲಿಂಗತ್ವ ಅಲ್ಪಸಂಖ್ಯಾತ) ಸಮುದಾಯದವರೂ ಆದ ಕಾರ್ಯಕರ್ತರಿಗೆ ಇನ್ನೊಂದು ತೊಡಕಿದೆ. ಅಂಗವಿಕಲರ ಹಕ್ಕಿನ ಸಂಘಟನೆ ಕರೆದರೆ ಅರ್ಜಿಯಲ್ಲಿ ಸಹಾಯಕರಿಗೆ ಒಂದು ಕಾಲಂ ಇರುತ್ತದೆ, ಮಲಗುವ ವ್ಯವಸ್ಥೆ ಮಾತ್ರ ಗಂಡಸರ ಡಾರ್ಮಿಟರಿ, ಹೆಂಗಸರ ಡಾರ್ಮಿಟರಿ ಎಂದು ಎರಡೇ. ಕ್ವಿಯರ್ ಸಂಘಟನೆ ಕರೆದರೆ ಸರ್ವನಾಮ (ಅವನು, ಅವಳು, ಅವರು) ಯಾವುದೆಂದು ವಿಚಾರಿಸುತ್ತಾರೆ, ಸಭೆ ಮಾತ್ರ ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಯಲ್ಲಿ. ಆದ್ದರಿಂದ ಆಹ್ವಾನ ಬಂದ ದಿನವೇ ಒಂದೇ ಪತ್ರದಲ್ಲಿ ಎಲ್ಲವನ್ನೂ ಕೇಳಿಬಿಡಬೇಕು: ಸಹಾಯಕರ ಟಿಕೆಟ್, ಊಟ, ದಿನಗೂಲಿ ಯಾರದು? ಕೋಣೆ ಇಬ್ಬರಿಗೇ ಪ್ರತ್ಯೇಕವೇ? ಮುಖ್ಯವಾಗಿ, ಹಣ ಮುಂಚೆಯೇ ಕೊಡುತ್ತಾರೋ, ಬಿಲ್ಲು ತೋರಿಸಿದ ಮೇಲೋ? 'ಪೂರ್ತಿ ಸ್ಕಾಲರ್‌ಶಿಪ್', ಅಂದರೆ ಎಲ್ಲ ಖರ್ಚೂ ನಮ್ಮದೇ ಎಂದು ಬರೆದಿರುವ ಎಷ್ಟೋ ಕಡೆ ಹಣ ಕೈಸೇರುವುದು ಪ್ರವಾಸ ಮುಗಿದು ತಿಂಗಳಾದ ಮೇಲೆ. ಅಲ್ಲಿಯವರೆಗಿನ ಕೈಸಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ನೀವೇ ನೇರವಾಗಿ ಟಿಕೆಟ್, ಕೋಣೆ ಬುಕ್ ಮಾಡಿಕೊಡಿ" ಎಂದು ಕೇಳಲು ಸಂಕೋಚ ಬೇಡ, ಬಹಳ ಜನ ಒಪ್ಪುತ್ತಾರೆ.

ಈಗ ಲೆಕ್ಕ. ಮಡಿಕೇರಿಯಿಂದ ದೆಹಲಿಗೆ, ವೀಲ್‌ಚೇರ್ ಬಳಸುವ ಒಬ್ಬರು, ಸಹಾಯಕರು ಒಬ್ಬರು, ಐದು ರಾತ್ರಿ ಎಂದಿಟ್ಟುಕೊಳ್ಳಿ. ದರಗಳು ಉದಾಹರಣೆಗೆ ಹಿಡಿದದ್ದು, ನಿಮ್ಮೂರಿನ ದರ ಹಾಕಿಕೊಳ್ಳಿ.

ಕಾರು ನಿಮ್ಮನ್ನು ವಿಮಾನ ನಿಲ್ದಾಣದಲ್ಲಿ ಇಳಿಸಿ ಖಾಲಿ ವಾಪಸ್ ಬರುತ್ತದೆ, ಆ ಖಾಲಿ ದಾರಿಯ ಬಾಡಿಗೆಯೂ ನಿಮ್ಮದೇ. ಕರೆತರಲು ಮತ್ತೆ ಖಾಲಿ ಹೋಗುತ್ತದೆ. ಹೀಗಾಗಿ 300 ಕಿ.ಮೀ. ದಾರಿಗೆ ನಾಲ್ಕು ಪಟ್ಟು, ಅಂದರೆ 1,200 ಕಿ.ಮೀ. ಕಿಲೋಮೀಟರಿಗೆ 15 ರೂಪಾಯಿಯಂತೆ 18,000. ಎರಡು ದಿನದ ಡ್ರೈವರ್ ಬಾಟಾ 1,000, ಟೋಲ್ ಮತ್ತು ಪಾರ್ಕಿಂಗ್ 1,500. ಕಾರಿಗೇ 20,500 ಆಯಿತು. ಇಬ್ಬರ ವಿಮಾನ ಟಿಕೆಟ್, ಹೋಗಿ ಬರಲು, 26,000. ವೀಲ್‌ಚೇರ್ ಒಳಗೆ ಹೋಗುವಂಥ ಕೋಣೆಗೆ ದಿನಕ್ಕೆ 3,500ರಂತೆ ಐದು ರಾತ್ರಿಗೆ 17,500. ಸಹಾಯಕರ ಕೂಲಿ ಆರು ದಿನಕ್ಕೆ 6,000. ಇಬ್ಬರ ಊಟ 6,000. ದೆಹಲಿಯಲ್ಲಿ ನಾಲ್ಕು ದಿನ ಓಡಾಡಲು ಕಾರು 8,000. ಕ್ಯಾತಿಟರ್, ಯೂರಿನ್ ಬ್ಯಾಗ್, ಡಯಾಪರ್, ಗ್ಲೌಸ್, ಔಷಧ ಇತ್ಯಾದಿ 3,000. ಒಟ್ಟು 87,000. ಅದರ ಮೇಲೆ ಹತ್ತು ಪರ್ಸೆಂಟ್ ಆಪತ್ತಿಗೆಂದು 8,700. ಕೈಗೆ ಬೇಕಾದದ್ದು 95,700.

ಆ ಹದಿಮೂರು ಸಾವಿರದ ಟಿಕೆಟ್ ಇದರಲ್ಲಿ ಏಳನೇ ಒಂದು ಪಾಲೂ ಅಲ್ಲ. ಮನವಿಯಲ್ಲಿ ಈ ಸಾಲನ್ನು ಮೊದಲು ಬರೆಯಿರಿ.

ಹಣ ಕೂಡಿಸುವ ಆನ್‌ಲೈನ್ ವೇದಿಕೆಯ ಶುಲ್ಕ ಸೇರಿಸುವಾಗ ಬಹಳ ಜನ ತಪ್ಪುತ್ತಾರೆ. ಶುಲ್ಕ ಮತ್ತು ಪಾವತಿ ವೆಚ್ಚ ಸೇರಿ ಶೇ 5 ಎಂದಿಟ್ಟುಕೊಂಡರೆ, 95,700ಕ್ಕೆ ಶೇ 5 ಕೂಡಿಸಿ 1,00,485 ಕೇಳುತ್ತಾರೆ. ಆದರೆ ಕಡಿತ ಆಗುವುದು ಒಟ್ಟು ಮೊತ್ತದ ಮೇಲೆ. ಕೈಗೆ 95,461 ಮಾತ್ರ ಬರುತ್ತದೆ. 95,700ನ್ನು 0.95ರಿಂದ ಭಾಗಿಸಬೇಕು, ಆಗ 1,00,737. ವ್ಯತ್ಯಾಸ ಇಲ್ಲಿ ಸಣ್ಣದು. ಕಡಿತ ಶೇ 10 ಆದರೆ ಇದೇ ತಪ್ಪಿಗೆ ಸಾವಿರ ರೂಪಾಯಿಯ ಹತ್ತಿರ ಕೈಬಿಡುತ್ತದೆ.

ರೈಲಿನಲ್ಲಿ ಹೋದರೆ ಅಗ್ಗ, ಆದರೆ ತಯಾರಿ ಹೆಚ್ಚು. ಸಹಾಯಕರಿಲ್ಲದೆ ಪ್ರಯಾಣಿಸಲಾಗದ ದೈಹಿಕ ಅಂಗವಿಕಲರಿಗೆ ಸ್ಲೀಪರ್‌ನಲ್ಲೂ, ರಾಜಧಾನಿಯಂಥ ರೈಲು ಬಿಟ್ಟು ಉಳಿದವುಗಳ ಮೂರನೇ ಎ.ಸಿ.ಯಲ್ಲೂ ಮೂಲ ದರದ ಶೇ 75, ಮೊದಲ ಮತ್ತು ಎರಡನೇ ಎ.ಸಿ.ಯಲ್ಲಿ ಶೇ 50 ರಿಯಾಯಿತಿ, ಜೊತೆಗಾರರಿಗೂ ಅಷ್ಟೇ. ಜೊತೆಗಾರರು ಸಂಬಂಧಿಕರೇ ಆಗಿರಬೇಕಿಲ್ಲ, ಸಂಗಾತಿಯನ್ನು ಕರೆದೊಯ್ಯುವವರಿಗೆ ಇದು ನೆಮ್ಮದಿ. ಆನ್‌ಲೈನ್‌ನಲ್ಲಿ ಈ ರಿಯಾಯಿತಿ ಸಿಗಲು ರೈಲ್ವೆಯದೇ ಗುರುತಿನ ಚೀಟಿ ಮೊದಲೇ ಮಾಡಿಸಿರಬೇಕು. ತತ್ಕಾಲ್‌ನಲ್ಲಿ ರಿಯಾಯಿತಿ ಇಲ್ಲ, ಆದ್ದರಿಂದ ಹಣ ಕೂಡಿದ ಮೇಲೆ ಬುಕ್ ಮಾಡೋಣ ಎಂದು ಕಾಯುವವರು ಎರಡೂ ಕಡೆ ಸೋಲುತ್ತಾರೆ.

ಬಸ್ಸಿನದು ಬೇರೆ ಕಥೆ. ಕೆ.ಎಸ್.ಆರ್.ಟಿ.ಸಿ.ಯ 660 ರೂಪಾಯಿಯ ವಾರ್ಷಿಕ ವಿಕಲಚೇತನ ಪಾಸು ವಾಸಸ್ಥಳದಿಂದ 100 ಕಿ.ಮೀ.ವರೆಗೆ ಮಾತ್ರ. ಕುಶಾಲನಗರದವರಿಗೆ ಮೈಸೂರು ಅದರೊಳಗೆ ಬರುತ್ತದೆ. ಮಡಿಕೇರಿಯವರಿಗೆ ಮೈಸೂರು ಕಾಣುವ ಮುಂಚೆ ಮುಗಿಯುತ್ತದೆ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಬಸ್ಸು ಉಚಿತ. ಆದರೆ ಆ ಸಾಮಾನ್ಯ ಬಸ್ಸಿನ ಎತ್ತರದ ಮೆಟ್ಟಿಲನ್ನು ವೀಲ್‌ಚೇರಿನವರು ಹತ್ತುವುದು ಹೇಗೆ ಎಂಬುದಕ್ಕೆ ಯಾವ ಯೋಜನೆಯಲ್ಲೂ ಉತ್ತರವಿಲ್ಲ. ಸಹಾಯಕರು ಈ ಯೋಜನೆಗೆ ಸೇರುವವರೂ ಬೇರೆ ಊರಿನವರೂ ಆದರೆ ಅವರು ನಿಮ್ಮ ಮನೆ ತಲುಪುವ ಖರ್ಚಾದರೂ ಇದರಲ್ಲಿ ಉಳಿಯುತ್ತದೆ.

ಹಣ ಕೇಳುವ ಕಾಲದ ಬಗ್ಗೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕಾಫಿ ಮಾರಿದ ದುಡ್ಡು ಕೈಗೆ ಬರುವ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಡಗಿನಲ್ಲಿ ಕೈ ಸಡಿಲ. ಜೂನ್‌ನಲ್ಲಿ ಶಾಲೆಯ ಫೀಸು, ಗೊಬ್ಬರ, ಆಮೇಲೆ ಮಳೆ. ಆಗ ಕೇಳಿದರೆ ತೋಟದವರೂ "ಈಗ ಕಷ್ಟ ಮಾರಾಯ್ರೆ" ಎನ್ನುತ್ತಾರೆ, ಅದು ಸುಳ್ಳಲ್ಲ. ಬೆಂಗಳೂರಿನ ಕ್ವಿಯರ್ ಸಮುದಾಯದ 'ನಮ್ಮ ಪ್ರೈಡ್' ಮೆರವಣಿಗೆ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುತ್ತದೆ. ಅಲ್ಲಿಗೆ ಹೋಗಲು ಅಕ್ಟೋಬರಿನಲ್ಲಿ ಹಣ ಕೇಳಿದರೆ ಊರಿನಿಂದ ಬರುವುದು ಕಡಿಮೆ. ಹಿಂದಿನ ಮಾರ್ಚಿನಲ್ಲೇ ಅರ್ಧ ಕೂಡಿಸಿಡಬೇಕು. ಸಮಾಜಗಳು, ಸಂಘಗಳು ಬಾಯಿಮಾತಿಗೆ ಕೊಡುವುದಿಲ್ಲ. ಸಮಿತಿಯ ಸಭೆಗೆ ಪತ್ರ, ಆಹ್ವಾನದ ಪ್ರತಿ, ವಿಕಲಚೇತನರ ಗುರುತಿನ ಯು.ಡಿ.ಐ.ಡಿ. ಕಾರ್ಡಿನ ಪ್ರತಿ, ಒಂದು ಪುಟದ ಲೆಕ್ಕ ಕೊಟ್ಟು ಸಭೆಯ ದಿನಾಂಕ ಕೇಳಿಕೊಂಡು ಬರಬೇಕು. ಇಡೀ ಲಕ್ಷ ಕೇಳುವ ಬದಲು ಒಂದು ಸಾಲನ್ನು ಕೇಳಿ: "ಮಡಿಕೇರಿಯಿಂದ ಬೆಂಗಳೂರಿಗೆ ಕಾರಿನ ಖರ್ಚು, 20,500." ಊರಿನವರಿಗೆ ಆ ದಾರಿ ಗೊತ್ತು, ಬಾಡಿಗೆ ಎಷ್ಟೆಂದೂ ಗೊತ್ತು. ಪ್ರಶ್ನೆ ಬರುವುದಿಲ್ಲ.

ಖಾತೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಮಾಸಾಶನ ಬರುವ ಖಾತೆಗೆ ಈ ಹಣ ಹಾಕಿಸಬೇಡಿ. ಅದು ಕೆ.ವೈ.ಸಿ. ಪೂರ್ತಿಯಾಗದ 'ಸಣ್ಣ ಖಾತೆ' ಆಗಿದ್ದರೆ ವರ್ಷಕ್ಕೆ ಒಟ್ಟು ಒಂದು ಲಕ್ಷ ಜಮೆ, ಖಾತೆಯಲ್ಲಿ ಒಮ್ಮೆಗೆ ಇರಬಹುದಾದ ಹಣ 50 ಸಾವಿರ, ತಿಂಗಳಿಗೆ 10 ಸಾವಿರ ಹಿಂಪಡೆತ ಎಂಬ ಮಿತಿ ಇದೆ. ದೇಣಿಗೆ ಮಿತಿ ದಾಟಿದರೆ ಖಾತೆ ನಿಂತುಬಿಡುತ್ತದೆ, ಮಾಸಾಶನವೂ ಸಿಕ್ಕಿಹಾಕಿಕೊಳ್ಳುತ್ತದೆ. ಪೂರ್ತಿ ಕೆ.ವೈ.ಸಿ. ಆದ ಹೊಸ ಉಳಿತಾಯ ಖಾತೆ ತೆರೆದು, ಅದಕ್ಕೆ ಬೇರೆ ಯಾವ ವ್ಯವಹಾರವನ್ನೂ ಬೆರೆಸಬೇಡಿ. ಅಪರಿಚಿತರ ನೂರಾರು ಸಣ್ಣ ಜಮೆಗಳಲ್ಲಿ ಒಂದು ಯಾವುದೋ ಸೈಬರ್ ವಂಚನೆಯ ಸರಪಳಿಯದಾದರೂ ಪೊಲೀಸರ ಸೂಚನೆಯ ಮೇಲೆ ಬ್ಯಾಂಕು ಹಣ ತಡೆಹಿಡಿಯಬಹುದು. ಅಂಥ ಹೊತ್ತಿನಲ್ಲಿ ಮನವಿ, ಆಹ್ವಾನ, ದಾನಿಗಳ ಪಟ್ಟಿ ಒಂದೇ ಕಡತದಲ್ಲಿ ಇದ್ದರೆ ಬ್ಯಾಂಕಿನವರಿಗೆ ವಿವರಿಸುವುದು ಸುಲಭ.

ತೆರಿಗೆ: ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣ ಒಟ್ಟು 50 ಸಾವಿರ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ಆದಾಯವೆಂದು ಲೆಕ್ಕ. ಆದಾಯ ಕಡಿಮೆ ಇದ್ದವರಿಗೆ ತೆರಿಗೆ ಬೀಳದೇ ಹೋಗಬಹುದು, ಆದರೂ ಕಾಗದದಲ್ಲಿ ಅದು ಆದಾಯವೇ. ಆದಾಯ ಪ್ರಮಾಣಪತ್ರದ ಮೇಲೆ ನಿಂತಿರುವ ಬಿ.ಪಿ.ಎಲ್. ಕಾರ್ಡು, ಮಾಸಾಶನ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೋಂದಾಯಿತ ಟ್ರಸ್ಟ್ ಒಂದು ಹಣ ಪಡೆದು ಟಿಕೆಟ್, ಕೋಣೆ, ಕಾರಿನ ಬಿಲ್ಲುಗಳನ್ನು ನೇರ ಕಟ್ಟುವುದು ಸುರಕ್ಷಿತ ದಾರಿ. ಟ್ರಸ್ಟಿಗೆ 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿಯ ಮಾನ್ಯತೆ ಇದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೂ ರಿಯಾಯಿತಿ. ಆದರೆ ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ಆ ರಿಯಾಯಿತಿ ಇಲ್ಲ. ಕೆಲವು ಟ್ರಸ್ಟುಗಳು ಆಡಳಿತ ವೆಚ್ಚವೆಂದು ಒಂದು ಪಾಲು ಹಿಡಿಯುತ್ತವೆ, ಮೊದಲೇ ಕೇಳಿ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೊರದೇಶದ ದುಡ್ಡಿಗೆ ವಿದೇಶಿ ದೇಣಿಗೆ ಕಾಯ್ದೆಯ ಕಣ್ಣಿದೆ. ದುಬೈಯಲ್ಲಿ ಕೆಲಸ ಮಾಡುವ, ಭಾರತದ ಪಾಸ್‌ಪೋರ್ಟ್ ಇರುವ ನೆಂಟರೋ ಗೆಳೆಯರೋ ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು ಓ.ಸಿ.ಐ. (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರು ನಮ್ಮೂರಿನವರೇ ಆಗಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಹತ್ತಿರದ ಸಂಬಂಧಿಯಾಗಿದ್ದರೆ ಮಾತ್ರ ವರ್ಷಕ್ಕೆ ಹತ್ತು ಲಕ್ಷದವರೆಗೆ ಸರ್ಕಾರಕ್ಕೆ ತಿಳಿಸದೆ ಪಡೆಯಬಹುದು. ಹಾಗಾಗಿ ಆನ್‌ಲೈನ್ ಪುಟದಲ್ಲಿ ವಿದೇಶಿ ಕಾರ್ಡುಗಳ ಆಯ್ಕೆಯನ್ನು ಮುಚ್ಚಿಡಿ.

ಇನ್ನು ಹೆಸರು. ಕ್ವಿಯರ್ ಎಂಬ ಮಾತು ಮನವಿಯಲ್ಲಿ ಇರಬೇಕೋ ಬೇಡವೋ ಎಂಬುದನ್ನು ಹೊರಡುವವರೇ ತೀರ್ಮಾನಿಸಬೇಕು, ಹಣ ಕೂಡಿಸುವ ಗೆಳೆಯರಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಬಿಡಿಸಿತು, ಸರಿ. ಅದರಿಂದ ಊರಿನ ಬಾಯಿಗೆ ಬೀಗ ಬೀಳಲಿಲ್ಲ. ಕೊಡಗಿನಲ್ಲಿ ಇದಕ್ಕೊಂದು ವಿಶೇಷ ಸೂಕ್ಷ್ಮವಿದೆ: ಕೊಡವರ ಹೆಸರಿನ ಮೊದಲಿಗೆ ಮನೆಪೆದ, ಅಂದರೆ ಒಕ್ಕದ (ಮನೆತನದ) ಹೆಸರು, ಇರುತ್ತದೆ. ಸ್ವಂತ ಹೆಸರು ಬದಲಾಯಿಸಿ ಮನೆಪೆದ ಉಳಿಸಿದರೆ ಇಡೀ ಒಕ್ಕಕ್ಕೆ ಯಾರೆಂದು ಗೊತ್ತಾಗುತ್ತದೆ. ಅದರ ಜೊತೆ "ವೀಲ್‌ಚೇರ್ ಬಳಸುವವರು" ಎಂದೂ, ಊರಿನ ಹೆಸರನ್ನೂ ಬರೆದರೆ ಹೆಸರೇ ಬೇಕಿಲ್ಲ. ಸಣ್ಣ ಊರಲ್ಲಿ ವೀಲ್‌ಚೇರೇ ಗುರುತು.

ಸಾಮಾನ್ಯವಾಗಿ ಎರಡು ಮನವಿ ಬರೆಯುತ್ತಾರೆ. ಊರಿನವರಿಗೆ "ವಿಕಲಚೇತನರ ಹಕ್ಕಿನ ಸಮಾವೇಶ" ಎಂದು ಒಂದು, ಬೆಂಗಳೂರಿನ ಸಮುದಾಯದವರಿಗೆ ಪೂರ್ತಿ ವಿವರದ್ದು ಇನ್ನೊಂದು. ಎರಡರಲ್ಲೂ ಸುಳ್ಳಿರಬಾರದು, ಹೇಳದೆ ಬಿಟ್ಟದ್ದು ಇರಬಹುದು. ಆದರೆ ವಾಟ್ಸಾಪಿನಲ್ಲಿ ಬಿಟ್ಟದ್ದು ಯಾವತ್ತೋ ಒಂದು ದಿನ ಮನೆಯವರ ಗುಂಪಿಗೆ ಬಂದೇ ಬರುತ್ತದೆ. ಎರಡಕ್ಕೂ ಒಂದೇ ಫೋಟೊ ಹಾಕಬೇಡಿ. ಹಲವು ವೇದಿಕೆಗಳಲ್ಲಿ ಪುಟದ ಕೊಂಡಿ ಮೊದಲು ಕೊಟ್ಟ ಶೀರ್ಷಿಕೆಯಿಂದಲೇ ತಯಾರಾಗುತ್ತದೆ, ಆಮೇಲೆ ಶೀರ್ಷಿಕೆ ತಿದ್ದಿದರೂ ಕೊಂಡಿಯಲ್ಲಿ ಹಳೆಯ ಮಾತು ಉಳಿಯುತ್ತದೆ. ಆದ್ದರಿಂದ ಮೊದಲು ಸಪ್ಪೆ ಶೀರ್ಷಿಕೆ ಕೊಟ್ಟು ಪುಟ ತೆರೆಯಿರಿ. ಯು.ಪಿ.ಐ.ನಲ್ಲಿ ಹಣ ಕಳಿಸುವವರಿಗೆ ಬ್ಯಾಂಕಿನಲ್ಲಿರುವ ಹೆಸರೇ ಕಾಣುತ್ತದೆ. ಹೆಸರು ಬದಲಿಸಿಕೊಂಡ ಟ್ರಾನ್ಸ್ ವ್ಯಕ್ತಿಗಳಿಗೆ ಇದು ಬಿಟ್ಟುಬಂದ ಹೆಸರನ್ನು ನೂರು ಜನರ ಮುಂದೆ ಹಿಡಿದಂತೆ. ಆಗ ನಂಬಿಕಸ್ತರ ಅಥವಾ ಟ್ರಸ್ಟಿನ ಖಾತೆಯೇ ಒಳ್ಳೆಯದು. ಟಿಕೆಟ್ಟಿನಲ್ಲಿ ಮಾತ್ರ ಗುರುತಿನ ಚೀಟಿಯಲ್ಲಿರುವ ಹೆಸರೇ ಇರಬೇಕು, ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ.

ಮಾತಿನ ಬಗ್ಗೆ ಒಂದು ಅಭಿಪ್ರಾಯ: ಮನವಿಯಲ್ಲಿ 'ವಿಶೇಷ ಚೇತನ', 'ದೇವರ ಮಕ್ಕಳು' ಎಂದೆಲ್ಲ ಬರೆಯುವ ಉತ್ಸಾಹಿಗಳನ್ನು ಮೆಲ್ಲಗೆ ತಡೆಯಬೇಕು. ಹೋಗುತ್ತಿರುವುದು ಮಾತಾಡಲು, ಆಶೀರ್ವಾದಕ್ಕಲ್ಲ.

ಬುಕಿಂಗಿಗೆ ಬಂದರೆ ಮೊದಲ ತೊಡಕು ಕಾರಿನ ಡಿಕ್ಕಿ, ಅಂದರೆ ಹಿಂಬದಿಯಲ್ಲಿ ಸಾಮಾನು ಇಡುವ ಜಾಗ. ಸಿ.ಎನ್.ಜಿ. ಕಾರಾದರೆ ಸಾಮಾನ್ಯವಾಗಿ ಸಿಲಿಂಡರ್ ಅಲ್ಲೇ ಕೂತಿರುತ್ತದೆ, ಮಡಚಿದ ವೀಲ್‌ಚೇರ್ ಹಿಡಿಸುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕಾರು ಬಂದ ಮೇಲೆ ಇದು ಗೊತ್ತಾದರೆ ಮಾಡುವಂಥದ್ದೇನೂ ಇಲ್ಲ. ದೊಡ್ಡ ಗಾಡಿ ಮಾಡಿದರೆ ಡಿಕ್ಕಿಯ ಸಮಸ್ಯೆ ತೀರುತ್ತದೆ, ಆದರೆ ಸೀಟು ಎತ್ತರ. ವೀಲ್‌ಚೇರಿನ ಸೀಟು ಸುಮಾರು 18ರಿಂದ 20 ಇಂಚು ಎತ್ತರದಲ್ಲಿರುತ್ತದೆ. ಅದಕ್ಕಿಂತ ಒಂದು ಗೇಣು ಮೇಲಿರುವ ಸೀಟಿಗೆ ಜಾರಿಕೊಂಡು ಹೋಗಲಾಗುವುದಿಲ್ಲ, ಎತ್ತಿಯೇ ಕೂರಿಸಬೇಕು. ಅದು ಒಬ್ಬ ಸಹಾಯಕರಿಂದ ಆಗುವ ಕೆಲಸವೋ ಅಲ್ಲವೋ ಎಂದು ಹೊರಡುವ ಮುಂಚೆ ಒಮ್ಮೆ ಮಾಡಿ ನೋಡಿ.

ಕೋಣೆ ಕಾಯ್ದಿರಿಸುವಾಗ "ವೀಲ್‌ಚೇರ್ ಬರುತ್ತದಾ?" ಎಂದು ಕೇಳಿದರೆ ಎಲ್ಲರೂ ಬರುತ್ತದೆ ಎನ್ನುತ್ತಾರೆ. ನೆಲಮಹಡಿ ಎಂದರೂ ಬಾಗಿಲಲ್ಲಿ ಮೂರು ಮೆಟ್ಟಿಲಿರುತ್ತದೆ, ಅವರ ಲೆಕ್ಕದಲ್ಲಿ ಮೂರು ಮೆಟ್ಟಿಲು ಮೆಟ್ಟಿಲೇ ಅಲ್ಲ. ಬಚ್ಚಲಿನ ಬಾಗಿಲಿಗೆ ಅಳತೆ ಟೇಪು ಹಿಡಿದು ಫೋಟೊ ಕಳಿಸಲು ಕೇಳಿ. ವೀಲ್‌ಚೇರಿನ ಅಗಲ 24ರಿಂದ 26 ಇಂಚು, ಹಳೆಯ ಬಚ್ಚಲ ಬಾಗಿಲು 24 ಇಂಚೇ ಇರುವುದು ಹೆಚ್ಚು. ಸಲೀಸಾಗಿ ಹೋಗಲು ಕನಿಷ್ಠ 32 ಬೇಕು.

ವಿಮಾನ ಸಂಸ್ಥೆಗೆ ಕನಿಷ್ಠ 48 ಗಂಟೆ ಮುಂಚೆ ತಿಳಿಸಬೇಕು. ಮೂರು ಸಂಕೇತಗಳಿವೆ. ಮೆಟ್ಟಿಲು ಹತ್ತಬಲ್ಲವರು, ದೂರ ಮಾತ್ರ ನಡೆಯಲಾರರು ಎಂದಾದರೆ ಡಬ್ಲ್ಯು.ಸಿ.ಎಚ್.ಆರ್. ಮೆಟ್ಟಿಲು ಹತ್ತಲಾರರು, ಒಳಗೆ ಸೀಟಿನವರೆಗೆ ನಡೆಯಬಲ್ಲರು ಎಂದಾದರೆ ಡಬ್ಲ್ಯು.ಸಿ.ಎಚ್.ಎಸ್. ಸೀಟಿನವರೆಗೂ ಕರೆದೊಯ್ಯಬೇಕಾದವರಿಗೆ ಡಬ್ಲ್ಯು.ಸಿ.ಎಚ್.ಸಿ. ಸುಮ್ಮನೆ 'ವೀಲ್‌ಚೇರ್' ಎಂದು ಒತ್ತಿದರೆ ಎಷ್ಟೋ ಸಲ ಮೊದಲನೆಯದೇ ದಾಖಲಾಗುತ್ತದೆ. ಒಳಗಿನ ಕಿರಿದಾದ ಕುರ್ಚಿ ಸಿದ್ಧವಿಲ್ಲದೆ ಬಾಗಿಲಲ್ಲಿ ಕಾಯುವ ಪ್ರಸಂಗ ಬರುವುದು ಹೀಗೆ.

ಬ್ಯಾಟರಿ ವೀಲ್‌ಚೇರ್ ಇದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ವಾಟ್-ಅವರ್ ಬರೆದಿಟ್ಟುಕೊಳ್ಳಿ. ಕಳಚುವ ಲಿಥಿಯಂ ಬ್ಯಾಟರಿಯನ್ನು ಕಳಚಿ ಕೈಚೀಲದೊಂದಿಗೆ ಒಳಗೆ ಒಯ್ಯಬೇಕು, ಮಿತಿ 300 ವಾಟ್-ಅವರ್. ಎರಡು ಬ್ಯಾಟರಿಯ ಕುರ್ಚಿಯಾದರೆ ತಲಾ 160. 24 ವೋಲ್ಟ್, 12 ಆಂಪಿಯರ್-ಅವರ್ ಆದರೆ 288, ನಡೆಯುತ್ತದೆ. ಅದೇ 20 ಆದರೆ 480, ನಡೆಯುವುದಿಲ್ಲ. ಬ್ಯಾಟರಿಯ ಮೇಲಿನ ಚೀಟಿ ಅಳಿಸಿಹೋಗಿದ್ದರೆ ಭದ್ರತೆಯವರು ಒಪ್ಪದೇ ಇರಬಹುದು, ಕಂಪನಿಯ ಕಾಗದ ಇಟ್ಟುಕೊಳ್ಳಿ. ಕುರ್ಚಿಯನ್ನು ಒಪ್ಪಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಕುಶನ್ ಮತ್ತು ಕಳಚುವ ಕಾಲಿಡುವ ಭಾಗಗಳನ್ನು ಕೈಯಲ್ಲೇ ಒಯ್ಯಿರಿ. ಇಳಿದ ಮೇಲೆ ಏನಾದರೂ ಮುರಿದಿದ್ದರೆ ನಿಲ್ದಾಣ ಬಿಡುವ ಮುಂಚೆಯೇ ಹಾನಿ ವರದಿ ಬರೆಸಬೇಕು. ಆಪತ್ತಿನ ಆ 8,700 ಹೆಚ್ಚಾಗಿ ಹೋಗುವುದು ಇಂಥದ್ದಕ್ಕೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರಯಾಣಕ್ಕೆ ಒಂದು ದಿನ ಮುಂಚೆ ಕೊಡಗು ಬಿಡಿ, ಆ ರಾತ್ರಿಯ ಕೋಣೆಯನ್ನೂ ಲೆಕ್ಕಕ್ಕೆ ಹಾಕಿ. ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ ಕುರ್ಚಿ ಚಾರ್ಜ್ ಆಗುವುದಿಲ್ಲ, ಮರ ಬಿದ್ದರೆ ಕಾರು ಬರುವುದಿಲ್ಲ. 2018ರ ಆಗಸ್ಟಿನ ಮಳೆ, ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಬೆಂಗಳೂರಿನ ದಾನಿಗಳಿಗೆ ವಿವರಿಸಬೇಕು. ಪ್ರಯಾಣ ರದ್ದಾದರೆ ಹಣ ಏನಾಗುತ್ತದೆ ಎಂಬುದನ್ನೂ ಮನವಿಯಲ್ಲೇ ಬರೆದಿಡಿ: ವಾಪಸ್ಸೋ, ಮುಂದಿನ ಪ್ರಯಾಣಕ್ಕೋ.

ತೋಟದ ಮನೆಗಳಲ್ಲಿ ಸಿಗ್ನಲ್ ಬರುವ ಹೊತ್ತಿಗೆ ಓ.ಟಿ.ಪಿ. ಅವಧಿ ಮುಗಿದಿರುತ್ತದೆ. ವೇದಿಕೆಯಲ್ಲಿ ಪುಟ ತೆರೆಯುವುದು, ಹಣ ಬಿಡಿಸಿಕೊಳ್ಳುವುದು ಇವೆಲ್ಲವನ್ನೂ ಪೇಟೆಗೆ ಬಂದ ದಿನ ಇಟ್ಟುಕೊಳ್ಳಿ.

ಮರಳಿ ಬಂದ ಹದಿನೈದು ದಿನದೊಳಗೆ ಲೆಕ್ಕ ಹಾಕಿ ತೋರಿಸಬೇಕು. ಬಂದದ್ದು, ಕಡಿತವಾದದ್ದು, ಸಾಲು ಸಾಲಾಗಿ ಖರ್ಚು, ಉಳಿದದ್ದು. ಬಿಲ್ಲುಗಳ ಫೋಟೊದಲ್ಲಿ ಡ್ರೈವರರ ಫೋನ್ ನಂಬರ್, ಸಹಾಯಕರ ಹೆಸರು, ಔಷಧದ ಚೀಟಿಯ ಮೇಲಿನ ರೋಗದ ವಿವರ ಮುಚ್ಚಿ. ಡ್ರೈವರ್ ಬಿಲ್ ಕೊಡದಿದ್ದರೆ ದಿನಾಂಕ, ಕಿಲೋಮೀಟರ್, ಮೊತ್ತ ಬರೆದ ಚೀಟಿಗೆ ಅವರ ಸಹಿ ಸಾಕು. ಆಮೇಲೆ ಪುಟ ಮುಚ್ಚುವ ಮುಂಚೆ ಫೋಟೊ ಅಳಿಸಿ, ಶೀರ್ಷಿಕೆ ಬದಲಿಸಿ. ಮುಚ್ಚಿದ ಪುಟವೂ ಹುಡುಕಿದವರಿಗೆ ಕೆಲವು ಕಾಲ ಸಿಗುತ್ತಲೇ ಇರುತ್ತದೆ.